ಹಳೆಯ ಜೀಪಿಗೆ ಬೇರೆ ಎಂಜಿನ್ ಕೂರಿಸುವಾಗ ಮರೆತುಹೋಗುವ ಒಂದು ಪೈಪು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಅಡೂರು, ಬಂದಡ್ಕ ಕಡೆಯ ಗುಡ್ಡದ ದಾರಿಗಳಲ್ಲಿ ಹಳೆಯ ಜೀಪುಗಳು ಇನ್ನೂ ದುಡಿಯುತ್ತಿವೆ. ಅಡಿಕೆ ಮೂಟೆ, ಗೊಬ್ಬರ, ಮದುವೆ ಮನೆಯ ಪಾತ್ರೆ, ಬಸ್ಸು ತಪ್ಪಿದ ಜನ, ಎಲ್ಲಕ್ಕೂ ಅವೇ ಬೇಕು. ಇವುಗಳ ಚಾಸಿ ಗಟ್ಟಿ. ಮೊದಲು ಸೋಲುವುದು ಎಂಜಿನ್. ರಿಪೇರಿ ಮಾಡಿಸಿ ಮಾಡಿಸಿ ಇನ್ನು ಹಾಕಿದ ಹಣ ಹುಟ್ಟುವುದಿಲ್ಲ ಎಂದು ಗೊತ್ತಾದಾಗ ಮಾಲೀಕರು ಗುಜರಿಯಿಂದಲೋ ಅಪಘಾತವಾದ ವಾಹನದಿಂದಲೋ ಬೇರೊಂದು ಎಂಜಿನ್ ತಂದು ಕೂರಿಸುತ್ತಾರೆ.

ಆಗ ಎಲ್ಲರ ಗಮನ ಇರುವುದು ಮೌಂಟಿಂಗ್, ಗೇರ್‌ಬಾಕ್ಸಿಗೆ ಹೊಂದುವ ಅಡಾಪ್ಟರ್ ಪ್ಲೇಟ್, ರೇಡಿಯೇಟರ್, ಸೈಲೆನ್ಸರ್, ವೈರಿಂಗ್ ಮೇಲೆ. ಎಲ್ಲ ಮುಗಿದ ಮೇಲೆ ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನಿಂದ ಹೊರಟ, ಹೆಬ್ಬೆರಳು ದಪ್ಪದ ಒಂದು ರಬ್ಬರ್ ಪೈಪು ಎಲ್ಲಿಗೂ ಸೇರದೆ ಉಳಿದಿರುತ್ತದೆ. ಹಳೆಯ ಏರ್ ಫಿಲ್ಟರಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಒಬ್ಬರು ಬೋಲ್ಟ್ ಹಾಕಿ ಮುಚ್ಚುತ್ತಾರೆ, ಇನ್ನೊಬ್ಬರು ಬಟ್ಟೆ ತುರುಕುತ್ತಾರೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಎಲ್ಲರಿಗೂ ಸಮಾಧಾನ. ಕೆಲವು ತಿಂಗಳು ಕಳೆದ ಮೇಲೆ ಕ್ಲಚ್ ಹೌಸಿಂಗ್ ಕೆಳಗಿನಿಂದ ಆಯಿಲ್ ತೊಟ್ಟಿಕ್ಕಲು ಶುರುವಾಗುತ್ತದೆ. ಗೇರ್‌ಬಾಕ್ಸ್ ಇಳಿಸಿ ಹಿಂದಿನ ಆಯಿಲ್ ಸೀಲ್ ಬದಲಿಸಿದರೂ ಮತ್ತೆ ಸೋರುತ್ತದೆ. ಬೈಗುಳವೆಲ್ಲ ಸೀಲ್ ತಯಾರಿಸಿದವರಿಗೆ. ಮುಚ್ಚಿಹೋದ ಆ ಪೈಪನ್ನು ಯಾರೂ ನೋಡಿರುವುದಿಲ್ಲ.

ಅದರ ಹೆಸರು ಬ್ರೀದರ್. ಅದು ಏಕಿದೆ, ಅದರೊಳಗೆ ಏನು ಹರಿಯುತ್ತದೆ, ಎಂಜಿನ್ ಬದಲಾದಾಗ ಅದನ್ನು ಎಲ್ಲಿಗೆ ಸೇರಿಸಬೇಕು ಎಂಬುದನ್ನು ಬುಡದಿಂದ ನೋಡೋಣ.

ಪಿಸ್ಟನ್ನಿನ ಕೆಳಗಿನ ಕೋಣೆ

ಎಂಜಿನ್ನಿನಲ್ಲಿ ಇಂಧನ ಉರಿಯುವುದು ಪಿಸ್ಟನ್ನಿನ ಮೇಲ್ಭಾಗದಲ್ಲಿ. ಪಿಸ್ಟನ್ನಿನ ಕೆಳಗೆ, ಕ್ರ್ಯಾಂಕ್ ಶಾಫ್ಟ್ ತಿರುಗುವ ಮುಚ್ಚಿದ ಕೋಣೆಯೇ ಕ್ರ್ಯಾಂಕ್‌ಕೇಸ್. ಅದರ ತಳದಲ್ಲಿ ಆಯಿಲ್ ನಿಲ್ಲುತ್ತದೆ. ಆ ತಟ್ಟೆಯನ್ನು ನಮ್ಮ ವರ್ಕ್‌ಶಾಪುಗಳಲ್ಲಿ ಚೇಂಬರ್ ಎನ್ನುತ್ತಾರೆ. ಆಯಿಲ್ ಮೇಲಿನಿಂದ ಕೆಳಗಿಳಿಯುವ ರಂಧ್ರಗಳ ಮೂಲಕ ಈ ಕೋಣೆಗೂ ಟ್ಯಾಪೆಟ್ ಕವರಿನ ಒಳಗಿನ ಜಾಗಕ್ಕೂ ಸಂಪರ್ಕವಿದೆ. ಆದ್ದರಿಂದ ಬ್ರೀದರ್ ಪೈಪು ಮೇಲಿನ ಕವರಿನಲ್ಲಿ ಇದ್ದರೂ ಅದು ಕೆಳಗಿನ ಕೋಣೆಯದೇ ಬಾಗಿಲು.

ಪಿಸ್ಟನ್ನಿಗೆ ಸುತ್ತಿದ ರಿಂಗುಗಳು ಮೇಲಿನ ಒತ್ತಡ ಕೆಳಗೆ ಬಾರದಂತೆ ತಡೆಯುತ್ತವೆ. ಆದರೆ ಪೂರ್ತಿಯಾಗಿ ಅಲ್ಲ. ರಿಂಗು ಬಿಸಿಗೆ ಹಿಗ್ಗಬೇಕಾದ್ದರಿಂದ ಅದರ ಎರಡು ತುದಿಗಳ ನಡುವೆ ಕೂದಲೆಳೆಯ ಸಂದು ಬಿಟ್ಟೇ ತಯಾರಿಸುತ್ತಾರೆ. ಆ ಸಂದಿನಿಂದಲೂ ರಿಂಗು-ಗೋಡೆಯ ನಡುವಿನಿಂದಲೂ ಪ್ರತಿ ಹೊಡೆತಕ್ಕೆ ಸ್ವಲ್ಪ ಅನಿಲ ಕೆಳಕ್ಕೆ ನುಸುಳುತ್ತದೆ. ಪುಸ್ತಕದಲ್ಲಿ ಇದಕ್ಕೆ ಬ್ಲೋ-ಬೈ ಎಂದು ಹೆಸರು. ಮೆಕ್ಯಾನಿಕ್‌ಗಳ ಬಾಯಲ್ಲಿ ಬ್ಯಾಕ್ ಕಂಪ್ರೆಷನ್. ಹೊಸ ಎಂಜಿನ್ನಿನಲ್ಲೂ ಇದು ಇರುತ್ತದೆ. ಸವೆದದ್ದರಲ್ಲಿ ಹೆಚ್ಚು, ಅಷ್ಟೇ ವ್ಯತ್ಯಾಸ.

ಎಷ್ಟು ಅನಿಲ ಎಂಬುದಕ್ಕೆ ಒಂದು ಲೆಕ್ಕ ಹಾಕಬಹುದು. ಎರಡೂವರೆ ಲೀಟರಿನ ನಾಲ್ಕು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಎರಡು ಸುತ್ತಿಗೊಮ್ಮೆ ತುಂಬುವ ಲೆಕ್ಕದಲ್ಲಿ, ಹೆಚ್ಚೆಂದರೆ 3750 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ನೂರರಲ್ಲಿ ಒಂದು ಪಾಲು ಮಾತ್ರ ಕೆಳಗೆ ಸೋರಿತು ಎಂದುಕೊಳ್ಳಿ: ನಿಮಿಷಕ್ಕೆ 37 ಲೀಟರಿಗಿಂತ ಹೆಚ್ಚು ಅನಿಲ ಆ ಕೋಣೆಗೆ ಬಂದು ಸೇರುತ್ತದೆ. ಬೋಲ್ಟ್ ಹಾಕಿ ಪೈಪು ಮುಚ್ಚಿದವರು ಈ 37 ಲೀಟರಿಗೆ ಬೇರೆ ದಾರಿ ತೋರಿಸಿಲ್ಲ.

ದಾರಿ ಇಲ್ಲದ ಅನಿಲ ಏನು ಮಾಡುತ್ತದೆ

ತಾನೇ ದಾರಿ ಮಾಡಿಕೊಳ್ಳುತ್ತದೆ. ಕ್ರ್ಯಾಂಕ್ ಶಾಫ್ಟಿನ ಮುಂದೆ ಹಿಂದೆ ಇರುವ ಆಯಿಲ್ ಸೀಲುಗಳು ಚಿಮ್ಮುವ ಆಯಿಲನ್ನು ತಡೆಯಲು ಇರುವವು, ಒಳಗಿನಿಂದ ಬರುವ ಒತ್ತಡವನ್ನು ತಡೆಯಲು ಅಲ್ಲ. ಒತ್ತಡ ಏರಿದರೆ ಸೀಲಿನ ತುಟಿ ಎದ್ದು ಆಯಿಲ್ ಹೊರಬರುತ್ತದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಒದ್ದೆಯಾಗುತ್ತದೆ. ಆಯಿಲ್ ಅಳೆಯುವ ಕಡ್ಡಿ ತನ್ನಷ್ಟಕ್ಕೆ ಮೇಲೆ ಎದ್ದು ಕುಳಿತಿರುತ್ತದೆ. ಇದು ಕಣ್ಣಿಗೆ ಬೀಳುವ ಸುಲಭದ ಗುರುತು.

ಸೋರಿಕೆ ಕಾಣುವ ಕಾಟ. ಕಾಣದ ಕಾಟ ಅದಕ್ಕಿಂತ ಕೆಟ್ಟದ್ದು. ನುಸುಳಿ ಬಂದ ಅನಿಲದಲ್ಲಿ ಉರಿಯದ ಇಂಧನ, ಮಸಿ, ಆಮ್ಲವಾಗಬಲ್ಲ ಅನಿಲಗಳು ಮತ್ತು ನೀರಿನ ಆವಿ ಇರುತ್ತವೆ. ನೀರೆಲ್ಲಿಂದ ಬಂತು ಎಂದು ಕೇಳಬಹುದು. ಇಂಧನದಲ್ಲಿರುವ ಹೈಡ್ರೋಜನ್ ಉರಿದಾಗ ಆಗುವುದು ನೀರೇ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಅದರ ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೋಗುತ್ತದೆ. ಕೆಳಗೆ ನುಸುಳಿದ ಚೂರು ಹೊರಗೆ ಹೋಗದಿದ್ದರೆ ಆಯಿಲಿನ ಜೊತೆ ಕಡೆದು ಕೆಸರಾಗುತ್ತದೆ. ಆ ಕೆಸರು ಆಯಿಲ್ ಪಂಪಿನ ಜಾಲರಿಗೆ ಕೂತರೆ ಬೇರಿಂಗುಗಳಿಗೆ ಆಯಿಲ್ ಸಾಲದಾಗುತ್ತದೆ.

ಹಾಗಾಗಿ ಒತ್ತಡ ಇಳಿಸುವುದೊಂದೇ ಬ್ರೀದರಿನ ಕೆಲಸವಲ್ಲ. ಹಳೆಯ ಗಾಳಿಯನ್ನು ಒಯ್ದು ಹೊಸ ಗಾಳಿ ತರಬೇಕು. ರಬ್ಬರ್ ಶೀಟು ಒಣಗಿಸುವ ಸ್ಮೋಕ್ ಹೌಸ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದಕ್ಕೆ ಮೇಲೆ ಕಿಂಡಿ ಇದ್ದರೆ ಸಾಲದು. ಕೆಳಗಿನಿಂದ ಗಾಳಿ ಒಳಬರಲು ಜಾಗವೂ ಬೇಕು, ಮೇಲಕ್ಕೆ ಎಳೆಯಲು ಬೆಂಕಿಯ ಬಿಸಿಯೂ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಶೀಟಿನ ನೀರು ಒಳಗೇ ಸುತ್ತಾಡಿ ಬೂಸಲು ಹಿಡಿಯುತ್ತದೆ. ಕ್ರ್ಯಾಂಕ್‌ಕೇಸಿಗೂ ಇದೇ ಮೂರು ಬೇಕು: ಒಳಬರುವ ದಾರಿ, ಹೊರಹೋಗುವ ದಾರಿ, ಎಳೆಯುವ ಬಲ. ಎಂಜಿನ್ ಬದಲಿಸುವಾಗ ನಿಜವಾಗಿ ಬದಲಾಗುವುದು ಈ ಮೂರೂ. ಬೇರೆ ಎಂಜಿನ್ ಬಂದಾಗ ಮೂರನ್ನೂ ಹೊಸದಾಗಿ ತೀರ್ಮಾನಿಸಬೇಕು, ಅದೂ ಮೌಂಟಿಂಗ್ ವೆಲ್ಡ್ ಮಾಡುವ ಮೊದಲೇ.

ಎಳೆಯುವ ಬಲ ಎಲ್ಲಿಂದ ಬರುತ್ತಿತ್ತು

ಹಳೆಯ ಕಾಲದ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಕೇಸಿನಿಂದ ಒಂದು ಲೋಹದ ಕೊಳವೆ ನೆಲದ ಕಡೆಗೆ ಇಳಿದು, ತುದಿಯಲ್ಲಿ ಓರೆಯಾಗಿ ಕತ್ತರಿಸಿರುತ್ತಿತ್ತು. ಇದೇ ಡ್ರಾಫ್ಟ್ ಟ್ಯೂಬ್. ಗಾಡಿ ಓಡುವಾಗ ಕೆಳಗೆ ಹಾಯುವ ಗಾಳಿ ಆ ತುದಿಯಲ್ಲಿ ಒತ್ತಡ ತಗ್ಗಿಸಿ ಒಳಗಿನ ಅನಿಲವನ್ನು ಎಳೆಯುತ್ತಿತ್ತು. ಹೊಸ ಗಾಳಿ ಆಯಿಲ್ ತುಂಬುವ ಮುಚ್ಚಳದ ಜಾಲರಿಯಿಂದ ಒಳಬರುತ್ತಿತ್ತು. ಆರಂಭದ ಅಂಬಾಸಿಡರ್‌ಗಳ ಬಿಎಂಸಿ ಪೆಟ್ರೋಲ್ ಎಂಜಿನ್ನುಗಳೂ ಈ ಪದ್ಧತಿಯವು. ವೇಗವಾಗಿ ಹೋಗುವಾಗ ಚೆನ್ನಾಗಿ ಕೆಲಸ ಮಾಡುವ ಈ ಕೊಳವೆ, ಗಾಡಿ ನಿಂತಲ್ಲೇ ಐಡಲ್ ಓಡುವಾಗ ಏನನ್ನೂ ಎಳೆಯುವುದಿಲ್ಲ. ಫಸ್ಟ್ ಗೇರಿನಲ್ಲಿ ಏರು ಹತ್ತುವಾಗ ಬ್ಲೋ-ಬೈ ಹೆಚ್ಚು, ವೇಗ ಕಡಿಮೆ. ನಮ್ಮ ಗುಡ್ಡದೂರುಗಳಿಗೆ ಇದಕ್ಕಿಂತ ಹೊಂದದ ಏರ್ಪಾಡು ಇನ್ನೊಂದಿಲ್ಲ.

ಇದಕ್ಕೆ ಪರಿಹಾರ ಹುಟ್ಟಿದ್ದು ಯುದ್ಧದಲ್ಲಿ. ಎರಡನೆಯ ಮಹಾಯುದ್ಧದ ಸೇನಾ ವಾಹನಗಳು ಹೊಳೆ ದಾಟುವಾಗ ಕೆಳಕ್ಕೆ ತೆರೆದ ಕೊಳವೆಯಿಂದ ನೀರು ಎಂಜಿನ್ನಿಗೆ ನುಗ್ಗುತ್ತಿತ್ತು. ಆದ್ದರಿಂದ ಕೊಳವೆಯನ್ನು ನೆಲಕ್ಕೆ ಬಿಡುವ ಬದಲು ಎಂಜಿನ್ನಿನದೇ ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಅಂದರೆ ಗಾಳಿ ಒಳಗೆಳೆಯುವ ದಾರಿಗೆ, ಒಂದು ವಾಲ್ವಿನ ಮೂಲಕ ಸೇರಿಸಿದರು. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲೇ ಈ ವಾಲ್ವ್ ಇತ್ತು. ಜೀಪಿನ ವಂಶಕ್ಕೆ ಈ ವಿಷಯ ಹೊಸದಲ್ಲ, ನಾವು ನಡುವೆ ಮರೆತಿದ್ದೇವೆ.

ಕಾರುಗಳಿಗೆ ಇದು ಕಡ್ಡಾಯವಾದದ್ದು ಹೊಗೆಯ ಕಾರಣಕ್ಕೆ. ಕ್ಯಾಲಿಫೋರ್ನಿಯಾದ ಹೊಗೆಮಂಜಿನ ಮೂಲ ಹುಡುಕಿದಾಗ, ಪೆಟ್ರೋಲ್ ಕಾರುಗಳು ಹೊರಬಿಡುವ ಉರಿಯದ ಇಂಧನದ ಸುಮಾರು ಐದನೇ ಒಂದು ಪಾಲು ಸೈಲೆನ್ಸರಿನಿಂದಲ್ಲ, ಕ್ರ್ಯಾಂಕ್‌ಕೇಸಿನಿಂದ ಬರುತ್ತದೆ ಎಂದು ತಿಳಿಯಿತು. 1960ರ ದಶಕದ ಆರಂಭದಲ್ಲಿ ಅಲ್ಲಿನ ಹೊಸ ಕಾರುಗಳಿಗೆ ಈ ಮುಚ್ಚಿದ ಪದ್ಧತಿ ಬಂತು.

ಪಿಸಿವಿ ವಾಲ್ವ್: ಒಂದು ಸ್ಪ್ರಿಂಗ್, ಒಂದು ಪಿನ್ನು

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಅಡ್ಡವಾಗಿ ಥ್ರಾಟಲ್ ತಟ್ಟೆ ಇರುತ್ತದೆ. ಐಡಲ್‌ನಲ್ಲಿ ಅದು ಬಹುತೇಕ ಮುಚ್ಚಿರುವುದರಿಂದ ಅದರ ಹಿಂದೆ, ಮ್ಯಾನಿಫೋಲ್ಡಿನಲ್ಲಿ, ಬಲವಾದ ನಿರ್ವಾತ ಉಂಟಾಗುತ್ತದೆ. ವರ್ಕ್‌ಶಾಪಿನ ಮಾತಿನಲ್ಲಿ ವ್ಯಾಕ್ಯೂಮ್. ಅದನ್ನೇ ಎಳೆಯುವ ಬಲವಾಗಿ ಬಳಸುವುದು ಉಪಾಯ. ಆದರೆ ಅದರಲ್ಲೊಂದು ತೊಡಕಿದೆ. ವ್ಯಾಕ್ಯೂಮ್ ಅತಿ ಹೆಚ್ಚಿರುವ ಐಡಲ್ ಹೊತ್ತಿನಲ್ಲಿ ಬ್ಲೋ-ಬೈ ಅತಿ ಕಡಿಮೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಬ್ಲೋ-ಬೈ ಅತಿ ಹೆಚ್ಚು, ವ್ಯಾಕ್ಯೂಮ್ ಇಲ್ಲವೆನ್ನುವಷ್ಟು ಕಡಿಮೆ. ಬರೀ ಪೈಪು ಸೇರಿಸಿದರೆ ಐಡಲ್‌ನಲ್ಲಿ ಬೇಡದಷ್ಟು ಗಾಳಿ ನುಗ್ಗಿ ಎಂಜಿನ್ ನಡುಗುತ್ತದೆ.

ಈ ತಾಳಮೇಳ ಸರಿಪಡಿಸುವುದು ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್) ವಾಲ್ವ್. ಒಳಗೆ ಸ್ಪ್ರಿಂಗಿಗೆ ಒರಗಿದ ಒಂದು ಪಿನ್ನು. ಐಡಲ್‌ನಲ್ಲಿ ವ್ಯಾಕ್ಯೂಮ್ ಪಿನ್ನನ್ನು ಬಲವಾಗಿ ಎಳೆದು ದಾರಿಯನ್ನು ಕಿರಿದಾಗಿಸುತ್ತದೆ. ಸಾಧಾರಣ ವೇಗದಲ್ಲಿ ವ್ಯಾಕ್ಯೂಮ್ ಇಳಿದಂತೆ ಸ್ಪ್ರಿಂಗ್ ಪಿನ್ನನ್ನು ಹಿಂದಕ್ಕೆ ತಳ್ಳಿ ದಾರಿ ಅಗಲವಾಗುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಎಳೆಯುವ ಬಲವೇ ಇಲ್ಲದಾಗ, ಹೆಚ್ಚಾದ ಅನಿಲ ಹೊಸ ಗಾಳಿ ಬರುವ ಪೈಪಿನಲ್ಲೇ ಹಿಮ್ಮುಖವಾಗಿ ಹರಿದು ಏರ್ ಫಿಲ್ಟರಿಗೆ ಸೇರಿ, ಅಲ್ಲಿಂದ ಎಂಜಿನ್ನಿಗೆ ಹೋಗುತ್ತದೆ. ಮ್ಯಾನಿಫೋಲ್ಡಿನಲ್ಲಿ ಬ್ಯಾಕ್‌ಫೈರ್ ಆದರೆ, ಅಂದರೆ ಬೆಂಕಿ ಹಿಂದಕ್ಕೆ ಹೊಡೆದರೆ, ಪಿನ್ನು ಎದುರು ತುದಿಗೆ ಕೂತು ದಾರಿ ಮುಚ್ಚುತ್ತದೆ. ಬೆಂಕಿ ಕ್ರ್ಯಾಂಕ್‌ಕೇಸಿಗೆ ಇಳಿಯುವುದಿಲ್ಲ. ಅಷ್ಟು ಚಿಕ್ಕ ಸಾಮಾನಿಗೆ ಇದು ದೊಡ್ಡ ಜವಾಬ್ದಾರಿಯೇ.

ಪಿನ್ನಿನ ಆಕಾರ, ಸ್ಪ್ರಿಂಗಿನ ಬಿಗಿ ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಇರುತ್ತದೆ. ನೋಡಲು ಒಂದೇ ರೀತಿ ಕಂಡರೂ ಬೇರೆ ಗಾಡಿಯ ವಾಲ್ವ್ ಹಾಕಿದರೆ ಐಡಲ್ ಕೆಡುತ್ತದೆ, ಇಲ್ಲವೇ ಎಳೆತ ಸಾಲದಾಗುತ್ತದೆ. ನೆನಪಿಡಬೇಕಾದದ್ದು, ವಾಲ್ವ್ ಹೊಂದಬೇಕಾದದ್ದು ತಂದ ಎಂಜಿನ್ನಿಗೆ, ಅದು ಕೂತ ವಾಹನಕ್ಕಲ್ಲ.

ಡೀಸೆಲ್‌ನ ಲೆಕ್ಕ ಬೇರೆ

ನಮ್ಮ ಕಡೆಯ ಬಹುಪಾಲು ಹಳೆಯ ಜೀಪುಗಳು ಡೀಸೆಲ್. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕಿದ್ದೂ ಬೇಕಾದಷ್ಟಿದೆ. ಗೊಂದಲ ಹೆಚ್ಚು ಇರುವುದೂ ಇಲ್ಲೇ.

ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಗಾಳಿಯ ದಾರಿಗೆ ಥ್ರಾಟಲ್ ತಟ್ಟೆ ಇರುವುದಿಲ್ಲ. ವೇಗ ಬದಲಾಗುವುದು ಡೀಸೆಲ್ ಪ್ರಮಾಣದಿಂದ. ತಟ್ಟೆ ಇಲ್ಲವೆಂದರೆ ಮ್ಯಾನಿಫೋಲ್ಡಿನಲ್ಲಿ ಹೇಳಿಕೊಳ್ಳುವಂತಹ ವ್ಯಾಕ್ಯೂಮ್ ಇಲ್ಲ. ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರಿಗೆ ಕೂಡ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ಜೋಡಿಸಿದ ಬೇರೆ ವ್ಯಾಕ್ಯೂಮ್ ಪಂಪ್ ಬೇಕಾಗಿದ್ದು ಇದಕ್ಕೇ. ಹಾಗಾಗಿ ಪೆಟ್ರೋಲ್ ಕಾರಿನ ಪಿಸಿವಿ ವಾಲ್ವನ್ನು ಡೀಸೆಲ್‌ಗೆ ಹಾಕುವುದರಲ್ಲಿ ಅರ್ಥವಿಲ್ಲ. ಹಳೆಯ ಡೀಸೆಲ್‌ಗಳಲ್ಲಿ ಬ್ರೀದರ್ ನೇರವಾಗಿ ನೆಲದ ಕಡೆಗೆ ತೆರೆದಿರುತ್ತದೆ, ಇಲ್ಲವೇ ಏರ್ ಫಿಲ್ಟರಿನ ನಂತರದ ಪೈಪಿಗೆ ಸೇರಿರುತ್ತದೆ. ಗಾಳಿಯನ್ನು ಒತ್ತಿ ಒಳತುಂಬುವ ಟರ್ಬೊ ಇರುವ ಹೊಸ ಡೀಸೆಲ್‌ಗಳಲ್ಲಿ ಅನಿಲ ಟರ್ಬೊಗೆ ಗಾಳಿ ಒಯ್ಯುವ ಪೈಪಿಗೆ ಹೋಗುವ ಮೊದಲು ಆಯಿಲ್ ಬೇರ್ಪಡಿಸುವ ಡಬ್ಬಿಯನ್ನು ದಾಟುತ್ತದೆ. ಎಳೆತ ಅತಿಯಾಗದಂತೆ ತಡೆಯುವ ರಬ್ಬರ್ ಡಯಾಫ್ರಮ್ ಕೂಡ ಹಲವು ಎಂಜಿನ್ನುಗಳಲ್ಲಿ ಇರುತ್ತದೆ. ಗುಜರಿಯಿಂದ ಎಂಜಿನ್ ತರುವಾಗ ಆ ಡಬ್ಬಿಯನ್ನೂ ಕೇಳಿ ತನ್ನಿ. ಜಾಗ ಸಾಲದೆಂದು ಅಲ್ಲೇ ಬಿಟ್ಟು ಬಂದವರಿಗೆ ಮುಂದೆ ಬುದ್ಧಿ ಬರುತ್ತದೆ.

ಕಾರಣ ಇದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಬೇಡ. ಗಾಳಿಯ ಜೊತೆ ಒಳಬಂದ ಆಯಿಲ್ ಕೂಡ ಅದಕ್ಕೆ ಇಂಧನವೇ. ಬ್ರೀದರ್ ಪೈಪು ಬೇರ್ಪಡಿಸುವ ಡಬ್ಬಿಯಿಲ್ಲದೆ ಇನ್‌ಟೇಕಿಗೆ ಸೇರಿದ್ದು, ರಿಂಗುಗಳೂ ಸವೆದಿದ್ದು, ಆಯಿಲ್ ಮಟ್ಟವೂ ಗುರುತಿಗಿಂತ ಮೇಲಿದ್ದರೆ ಎಂಜಿನ್ ತನ್ನದೇ ಆಯಿಲ್ ಕುಡಿದು ಓಡತೊಡಗುತ್ತದೆ. ಕೀ ತಿರುಗಿಸಿದರೂ ನಿಲ್ಲುವುದಿಲ್ಲ, ಸುತ್ತು ಏರುತ್ತಲೇ ಹೋಗುತ್ತದೆ. ಆಗ ನಿಲ್ಲಿಸುವ ದಾರಿ ಗಾಳಿಯನ್ನು ತಡೆಯುವುದು: ಇನ್‌ಟೇಕ್ ಬಾಯಿಗೆ ಗಟ್ಟಿ ಹಲಗೆ ಅಡ್ಡ ಹಿಡಿಯಬೇಕು, ಕೈಯನ್ನಂತೂ ಹಿಡಿಯಲೇಬಾರದು. ಗೇರಿನ ಗಾಡಿಯಾದರೆ ಬ್ರೇಕ್ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಬಂದ್ ಮಾಡಬಹುದು.

ಟರ್ಬೊ ಇರುವ ಎಂಜಿನ್ನಿಗೆ ಇನ್ನೊಂದು ಸೂಕ್ಷ್ಮವಿದೆ. ಟರ್ಬೊ ಬೇರಿಂಗಿಗೆ ಹೋದ ಆಯಿಲ್ ಪಂಪಿನ ಸಹಾಯವಿಲ್ಲದೆ, ತನ್ನ ಭಾರದಿಂದ ಚೇಂಬರಿಗೆ ಇಳಿಯಬೇಕು. ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡವಿದ್ದರೆ ಅದು ಇಳಿಯದೆ ಟರ್ಬೊ ಸೀಲಿನಿಂದ ಹೊರಬಂದು ನೀಲಿ ಹೊಗೆಯಾಗುತ್ತದೆ. ಟರ್ಬೊ ಕೆಟ್ಟಿದೆ ಎಂದು ಸಾವಿರಾರು ರೂಪಾಯಿ ಸುರಿಯುವ ಮೊದಲು ಬ್ರೀದರ್ ನೋಡಬೇಕು.

ವ್ಯಾಕ್ಯೂಮ್ ಪಂಪಿನ ವಿಷಯವೂ ಇಲ್ಲೇ ಬರುತ್ತದೆ. ಆಲ್ಟರ್ನೇಟರಿನ ಹಿಂದಿನ ಪಂಪು ಬ್ರೇಕ್ ಬೂಸ್ಟರಿನಿಂದ ಎಳೆದ ಗಾಳಿಯನ್ನು ಆಯಿಲಿನ ಜೊತೆ ಕ್ರ್ಯಾಂಕ್‌ಕೇಸಿಗೇ ಬಿಡುತ್ತದೆ. ಹಳೆಯ ಜೀಪಿನ ಬೂಸ್ಟರ್ ಅಥವಾ ಅದರ ಪೈಪು ತೂತಾಗಿದ್ದರೆ ಪಂಪು ನಿಲ್ಲದೆ ಹೊರಗಿನ ಗಾಳಿಯನ್ನು ಒಳಗೆ ತುಂಬುತ್ತಿರುತ್ತದೆ. ನೋಡಿದವರು ಬ್ಯಾಕ್ ಕಂಪ್ರೆಷನ್ ಬಂದಿದೆ, ಎಂಜಿನ್ ಹೋಯಿತು ಎನ್ನುತ್ತಾರೆ. ಗಾಡಿ ನಿಲ್ಲಿಸಿಟ್ಟು, ಐಡಲ್‌ನಲ್ಲಿ, ಬೂಸ್ಟರಿಗೆ ಹೋಗುವ ಪೈಪನ್ನು ಪಂಪಿನ ಹತ್ತಿರ ಕ್ಲ್ಯಾಂಪಿನಿಂದ ಒತ್ತಿ ಹಿಡಿದು ಬ್ರೀದರ್ ನೋಡಿ. ಗಾಳಿ ಕಡಿಮೆಯಾದರೆ ತಪ್ಪು ಬ್ರೇಕಿನ ಕಡೆಯದು. ಕ್ಲ್ಯಾಂಪ್ ತೆಗೆಯದೆ ಗಾಡಿ ಓಡಿಸಬೇಡಿ, ಬ್ರೇಕ್ ಪೆಡಲ್ ಗಟ್ಟಿಯಾಗಿ ಗಾಡಿ ಸುಲಭಕ್ಕೆ ನಿಲ್ಲುವುದಿಲ್ಲ.

ಕೂರಿಸುವಾಗ ಎಡವುವ ಜಾಗಗಳು

ಮೊದಲನೆಯದು ಆಯಿಲ್ ತುಂಬುವ ಮುಚ್ಚಳ. ಹಳೆಯ ಎಂಜಿನ್ನಿನ ಮುಚ್ಚಳದಲ್ಲಿ ಗಾಳಿಗೆ ಜಾಲರಿ ಇರುತ್ತದೆ, ಹೊಸ ಕಾಲದ್ದು ಪೂರ್ತಿ ಮುಚ್ಚಿರುತ್ತದೆ. ಅದಲುಬದಲಾದರೆ ಒಂದೋ ಹೊಸ ಗಾಳಿ ಬರುವ ದಾರಿಯೇ ಮುಚ್ಚುತ್ತದೆ, ಇಲ್ಲವೇ ಫಿಲ್ಟರ್ ಕಾಣದ ಗಾಳಿ ನೇರ ಒಳನುಗ್ಗುತ್ತದೆ. ಹೀಗೆ ಗಾಳಿ ನುಗ್ಗುವುದು ನಮ್ಮಲ್ಲಿ ಸಣ್ಣ ವಿಷಯವಲ್ಲ. ಬೇಸಿಗೆಯಲ್ಲಿ ಕೆಂಪುಕಲ್ಲಿನ ಕೋರೆಗಳ ದಾರಿಯಲ್ಲಿ ಓಡಾಡುವ ಗಾಡಿಗೆ ಮುರಕಲ್ಲಿನ ಧೂಳು ಆಯಿಲಿಗೆ ಸೇರಿದರೆ ಬೇರಿಂಗುಗಳನ್ನು ಉಜ್ಜಿ ಮುಗಿಸುತ್ತದೆ.

ಹೊಸ ಗಾಳಿಯನ್ನು ಏರ್ ಫಿಲ್ಟರಿನ ಶುದ್ಧ ಬದಿಯಿಂದಲೇ ತೆಗೆದುಕೊಳ್ಳಬೇಕು. ಹಳೆಯ ಜೀಪಿನ ಆಯಿಲ್ ತುಂಬಿದ ಏರ್ ಫಿಲ್ಟರನ್ನೇ ಉಳಿಸಿಕೊಳ್ಳುವುದಾದರೆ, ಅದರಿಂದ ಎಂಜಿನ್ನಿಗೆ ಹೋಗುವ ಪೈಪಿನಲ್ಲಿ ಒಂದು ಕವಲು ಮಾಡಿಸಬೇಕು. ಮಾಡಿಸುವ ಮೊದಲು ಎಂಜಿನ್ ಯಾವ ಬಗೆಯದು ಎಂದು ತಿಳಿದಿರಬೇಕು. ಫಿಲ್ಟರಿನ ಪಕ್ಕ ಗಾಳಿ ಅಳೆಯುವ ಸೆನ್ಸರ್ ಇರುವ ಎಂಜಿನ್ ಆದರೆ ಕವಲು ಸೆನ್ಸರಿನ ನಂತರವೇ ಇರಬೇಕು. ಇಲ್ಲದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಹೋಗಿ ಕಂಪ್ಯೂಟರಿಗೆ ತಪ್ಪು ಲೆಕ್ಕ ಸಿಗುತ್ತದೆ. ಮ್ಯಾನಿಫೋಲ್ಡಿನ ಒತ್ತಡ ನೋಡಿ ಲೆಕ್ಕ ಹಾಕುವ ಬಗೆಯವು ಈ ವಿಷಯದಲ್ಲಿ ಅಷ್ಟು ಹಟಮಾರಿಗಳಲ್ಲ. ಟ್ಯಾಪೆಟ್ ಕವರಿನ ಮೇಲೆ ಹೊಳೆಯುವ ಪುಟ್ಟ ಫಿಲ್ಟರ್ ಸಿಕ್ಕಿಸುವುದು ಈಗ ಶೋಕಿಯಾಗಿದೆ. ಸೆನ್ಸರ್ ಇರುವ ಎಂಜಿನ್ನಿಗೆ ಅದು ತೊಂದರೆಯ ಬೀಜ.

ಕಾರ್ಬ್ಯುರೇಟರ್ ಎಂಜಿನ್ನಿನಲ್ಲಿ ಪಿಸಿವಿ ಪೈಪು ಮ್ಯಾನಿಫೋಲ್ಡಿಗೆ ಎಲ್ಲಿ ಸೇರಬೇಕು ಎಂಬುದೂ ಮುಖ್ಯ. ಕಾರ್ಬ್ಯುರೇಟರಿನ ಬುಡದಲ್ಲಿ, ನಡುವೆ ಸೇರಿದರೆ ಎಲ್ಲ ಸಿಲಿಂಡರುಗಳಿಗೂ ಅನಿಲ ಸಮನಾಗಿ ಹಂಚಿಹೋಗುತ್ತದೆ. ಕೈಗೆ ಸಿಕ್ಕ ಕೊನೆಯ ಸಿಲಿಂಡರಿನ ಕವಲಿಗೆ ತೂತು ಕೊರೆದು ಸೇರಿಸಿದರೆ ಆ ಒಂದಕ್ಕೇ ಗಾಳಿಯೂ ಆಯಿಲೂ ಹೆಚ್ಚಾಗಿ, ಅದೊಂದರ ಪ್ಲಗ್ ಮಾತ್ರ ಮತ್ತೆ ಮತ್ತೆ ಕಪ್ಪಾಗುತ್ತದೆ. ಬ್ರೇಕ್ ಬೂಸ್ಟರಿನ ಪೈಪಿಗೇ ಕವಲು ಹೊಡೆದು ಪಿಸಿವಿ ಸೇರಿಸುವುದು ಇನ್ನೂ ಕೆಟ್ಟದ್ದು. ಆಯಿಲಿನ ಆವಿ ಬೂಸ್ಟರಿನ ರಬ್ಬರನ್ನು ಹಾಳುಮಾಡುತ್ತದೆ. ಪೆಟ್ರೋಲ್ ಟರ್ಬೊ ಎಂಜಿನ್ ಆದರೆ ಮ್ಯಾನಿಫೋಲ್ಡಿನಲ್ಲಿ ಕೆಲವೊಮ್ಮೆ ವ್ಯಾಕ್ಯೂಮ್, ಕೆಲವೊಮ್ಮೆ ಒತ್ತಡ. ಆ ಒತ್ತಡ ಹಿಂದಕ್ಕೆ ಬಾರದಂತೆ ಒಂದೇ ದಿಕ್ಕಿಗೆ ತೆರೆಯುವ ವಾಲ್ವ್ ಇರಲೇಬೇಕು.

ಪೈಪಿನ ಒಳಗಾತ್ರ ಎಲ್ಲೂ ಕಿರಿದಾಗಬಾರದು. ಎಂಜಿನ್ ತಯಾರಕರು ಹೆಬ್ಬೆರಳು ದಪ್ಪದ ಬಾಯಿ ಕೊಟ್ಟಿದ್ದರೆ ಕಿರುಬೆರಳಿನ ಪೈಪಿಗೆ ಇಳಿಸುವುದು ಅರ್ಧ ಮುಚ್ಚಿದ ಹಾಗೆ. ತೋಟಕ್ಕೆ ನೀರು ಬಿಡುವ ಪೈಪು ಬೇಡ. ಬಿಸಿಗೆ ಮೆತ್ತಗಾಗಿ ವ್ಯಾಕ್ಯೂಮಿಗೆ ಚಪ್ಪಟೆಯಾಗುತ್ತದೆ. ಆಯಿಲ್ ತಡೆಯುವ, ಒಳಗೆ ನೂಲಿನ ಹೆಣಿಗೆಯಿರುವ ರಬ್ಬರ್ ಹೋಸ್ ಬೇಕು. ಅದು ಎಂಜಿನ್ನಿನಿಂದ ಮೇಲಕ್ಕೇ ಏರುತ್ತ ಹೋಗಬೇಕು, ಕೂಡಿಕೊಂಡ ಆಯಿಲ್ ಹಿಂದಕ್ಕೆ ಇಳಿಯುವ ಹಾಗೆ. ನಡುವೆ ಜೋತು ಬಿದ್ದರೆ ಅಲ್ಲಿ ನೀರು ಆಯಿಲ್ ನಿಂತು ಮುಚ್ಚಿಕೊಳ್ಳುತ್ತದೆ. ತೆರೆದ ಬ್ರೀದರ್ ಇರುವ ಡೀಸೆಲ್‌ನಲ್ಲಿ ತುದಿ ಸೈಲೆನ್ಸರಿನ ಬಿಸಿ ಭಾಗದಿಂದ ದೂರ ಇರಲಿ. ಹೊಳೆ ದಾಟುವ ಗಾಡಿಯಾದರೆ ನೀರಿನ ಮಟ್ಟಕ್ಕಿಂತ ಮೇಲಿರಲಿ.

ಟ್ಯಾಪೆಟ್ ಕವರ್ ಬದಲಿಸುವವರು ಒಳಗೆ ಕೈ ಹಾಕಿ ನೋಡಬೇಕು. ಬ್ರೀದರ್ ಬಾಯಿಯ ಹಿಂದೆ ಒಂದು ತಗಡಿನ ತಡೆ ಇರುತ್ತದೆ. ಚಿಮ್ಮುವ ಆಯಿಲ್ ನೇರ ಪೈಪಿಗೆ ಹೋಗದಂತೆ ಕಾಯುವುದು ಅದರ ಕೆಲಸ. ತೊಳೆಯಲು ಅಡ್ಡವಾಗುತ್ತದೆಂದು ಅದನ್ನು ಕಿತ್ತು ಹಾಕಿದ ಕವರುಗಳು ಗುಜರಿಯಲ್ಲಿ ಸಿಗುತ್ತವೆ.

ಮಳೆಗಾಲದ ಬಿಳಿ ನೊರೆ

ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಜೂನ್‌ನಿಂದ ಶುರುವಾಗಿ ಆಗಸ್ಟ್ ನಡುವಿಗೆ ಆಟಿ ತಿಂಗಳು ಮುಗಿಯುವ ತನಕ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಬಿಳಿಚಿದ ನೊರೆ ಕಾಣಿಸುವುದುಂಟು. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಆಯಿಲಿಗೆ ಸೇರಿತೇ ಎಂದು ಗಾಬರಿಯಾಗುತ್ತದೆ. ರೇಡಿಯೇಟರಿನ ನೀರು ಇಳಿಯುತ್ತಿಲ್ಲ, ಕಡ್ಡಿಯಲ್ಲಿನ ಆಯಿಲ್ ತನ್ನ ಬಣ್ಣದಲ್ಲೇ ಇದೆ, ನೊರೆ ಮುಚ್ಚಳದಲ್ಲಿ ಮಾತ್ರ ಎಂದಾದರೆ ಅದು ಹೆಚ್ಚಾಗಿ ಬ್ಲೋ-ಬೈ ಆವಿ ತಣ್ಣನೆಯ ಲೋಹಕ್ಕೆ ತಾಗಿ ನೀರಾದದ್ದು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಸಣ್ಣ ಓಡಾಟ ಮಾತ್ರ ಇರುವ ಗಾಡಿಯಲ್ಲಿ ಆಯಿಲ್ ಚೆನ್ನಾಗಿ ಬಿಸಿಯೇರುವುದಿಲ್ಲ, ನೀರು ಆವಿಯಾಗಿ ಹೊರಡುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಓಡಿಸಿದರೆ ಗುಣ ಕಾಣುತ್ತದೆ, ಬ್ರೀದರ್ ತೆರೆದಿದ್ದರೆ ಮಾತ್ರ.

ಇದೇ ಹೊತ್ತಿಗೆ ಕ್ಯಾಚ್ ಕ್ಯಾನ್ ಬಗ್ಗೆಯೂ ಹೇಳಬೇಕು. ಬ್ರೀದರ್ ಪೈಪಿನ ನಡುವೆ ಒಂದು ಡಬ್ಬಿ ಇಟ್ಟು ಆಯಿಲ್ ಹನಿಗಳನ್ನು ಹಿಡಿಯುವ ಏರ್ಪಾಡು ಅದು. ಒಳಗೆ ತಡೆ ಅಥವಾ ಉಕ್ಕಿನ ಜಾಲರಿ ಇದ್ದರೆ ಉಪಯೋಗವಿದೆ. ಖಾಲಿ ಬಾಟಲಿಗೆ ಎರಡು ತೂತು ಕೊರೆದದ್ದರಲ್ಲಿ ಆವಿ ಒಂದರಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ಮಳೆಗಾಲದಲ್ಲಿ ಡಬ್ಬಿ ಬೇಗ ತುಂಬುತ್ತದೆ. ಖಾಲಿ ಮಾಡಲು ಮರೆತರೆ ಅದೇ ಬೋಲ್ಟಿನ ಕೆಲಸ ಮಾಡುತ್ತದೆ.

ನೋಡಿ ತಿಳಿಯುವುದು ಹೇಗೆ

ಎಂಜಿನ್ ಕೊಳ್ಳುವ ಮೊದಲು ಸ್ಟಾರ್ಟ್ ಮಾಡಿ ತೋರಿಸಲು ಕೇಳಿ. ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ಸಡಿಲಿಸಿ ಬಾಯಿಯ ಮೇಲೆ ಹಾಗೇ ಇಡಿ. ಸಣ್ಣಗೆ ಅಲುಗಾಡಿದರೆ ಪರವಾಗಿಲ್ಲ. ಹಾರಿ ಬೀಳುವಷ್ಟು, ದಟ್ಟ ಹೊಗೆ ಉಗುಳುವಷ್ಟು ಒತ್ತಡವಿದ್ದರೆ ರಿಂಗುಗಳು ಮುಗಿದಿವೆ. ಯಾವ ಬ್ರೀದರ್ ಪೈಪೂ ಸವೆದ ರಿಂಗನ್ನು ಸರಿಪಡಿಸುವುದಿಲ್ಲ. ಅಲ್ಲಿಂದ ಎದ್ದು ಬರುವುದೇ ಲಾಭ. ಸಾಧ್ಯವಾದರೆ ಕಂಪ್ರೆಷನ್ ಅಳೆಸಿ.

ಪಿಸಿವಿ ವಾಲ್ವ್ ಕಳಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಪಿನ್ನು ಟಕಟಕ ಎನ್ನಬೇಕು. ಸದ್ದಿಲ್ಲದಿದ್ದರೆ ಅಂಟಿಕೊಂಡಿದೆ. ಅದನ್ನು ಪೈಪಿಗೆ ಸಿಕ್ಕಿಸಿ, ಐಡಲ್‌ನಲ್ಲಿ ಬಾಯಿಗೆ ಬೆರಳಿಟ್ಟರೆ ಎಳೆತ ತಿಳಿಯಬೇಕು. ಎಲ್ಲ ಜೋಡಿಸಿದ ಮೇಲೆ ಆಯಿಲ್ ತುಂಬುವ ಬಾಯಿಗೆ ಒಂದು ತೆಳು ಕಾಗದ ಇಡಿ. ಪಿಸಿವಿ ಇರುವ ಪೆಟ್ರೋಲ್ ಎಂಜಿನ್ ಅದನ್ನು ಮೆಲ್ಲಗೆ ಒಳಕ್ಕೆ ಹಿಡಿದುಕೊಳ್ಳಬೇಕು. ಹೊರಕ್ಕೆ ತಳ್ಳಿದರೆ ದಾರಿಯಲ್ಲಿ ಎಲ್ಲೋ ತಡೆಯಿದೆ.

ಇನ್ನೂ ನಿಖರವಾಗಿ ಬೇಕೆಂದರೆ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಆಯಿಲ್ ಕಡ್ಡಿಯ ಕೊಳವೆಗೆ ಗಾಳಿ ಹೋಗದಂತೆ ಸೇರಿಸಿ. ವಾತಾವರಣದ ಒತ್ತಡ ಸುಮಾರು ಹತ್ತು ಮೀಟರ್ ನೀರಿನ ಎತ್ತರಕ್ಕೆ ಸಮ. ಇಲ್ಲಿ ನಾವು ನೋಡುವುದು ಸೆಂಟಿಮೀಟರಿನ ಲೆಕ್ಕ, ಅಷ್ಟು ಸೂಕ್ಷ್ಮ. ನೀರು ಎಂಜಿನ್ ಕಡೆಗೆ ಕೆಲವು ಸೆಂಟಿಮೀಟರ್ ಎಳೆದುಕೊಂಡರೆ ಒಳ್ಳೆಯದು. ರೇಸ್ ಕೊಟ್ಟಂತೆಲ್ಲ ಹೊರಕ್ಕೆ ಏರುತ್ತಲೇ ಹೋದರೆ ಬ್ರೀದರ್ ಸಾಲುತ್ತಿಲ್ಲ, ಅಥವಾ ರಿಂಗ್ ಸವೆದಿದೆ. ಬ್ರೀದರ್ ಪೈಪನ್ನು ಬುಡದಲ್ಲೇ ಕಳಚಿ ಮತ್ತೊಮ್ಮೆ ನೋಡಿದರೆ ಎರಡರಲ್ಲಿ ಯಾವುದು ಎಂದು ತಿಳಿಯುತ್ತದೆ: ಕಳಚಿದ ಕೂಡಲೇ ನೀರು ಇಳಿದರೆ ತಪ್ಪು ಪೈಪಿನದು.

ಕಾಗದಪತ್ರ

ಎಂಜಿನ್ ಬದಲಾದರೆ ಆರ್‌ಸಿಯಲ್ಲಿನ ನಂಬರೂ ಬದಲಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂತಹ ಬದಲಾವಣೆಗೆ ನೋಂದಣಿ ಅಧಿಕಾರಿಯ ಅನುಮತಿಯನ್ನು ಮೊದಲೇ ಪಡೆಯಬೇಕು, ಬದಲಾವಣೆಯಾದ 14 ದಿನಗಳೊಳಗೆ ವರದಿ ಮಾಡಬೇಕು. ವಾಹನವನ್ನು ತಯಾರಕರ ವಿನ್ಯಾಸಕ್ಕೆ ವಿರುದ್ಧವಾಗಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೇರಳದಿಂದ ಹೋದ ಪ್ರಕರಣದಲ್ಲೇ. ಆದ್ದರಿಂದ ಗಾಡಿಯ ನಂಬರು ಕಾಸರಗೋಡಿನ ಕೆಎಲ್ 14 ಇರಲಿ, ಕಾಞಂಗಾಡಿನ ಕೆಎಲ್ 60 ಇರಲಿ, ಯಾವ ಎಂಜಿನ್ ಹಾಕಬಹುದು ಎಂದು ಕಚೇರಿಯಲ್ಲಿ ವಿಚಾರಿಸಿ ಆಮೇಲೆ ಗುಜರಿಗೆ ಹೋಗುವುದು ವಾಸಿ. ತಂದ ಎಂಜಿನ್ನಿನ ಬಿಲ್ಲು, ಅದರ ಹಳೆಯ ಗಾಡಿಯ ದಾಖಲೆಯ ಪ್ರತಿ ಕೈಯಲ್ಲಿರಲಿ.

ಪೊಲ್ಯೂಷನ್ ಪರೀಕ್ಷೆಗೆ ಹೋಗುವ ಪೆಟ್ರೋಲ್ ಗಾಡಿಯವರು ಇನ್ನೊಂದು ವಿಷಯ ತಿಳಿದಿರಬೇಕು. ಆಯಿಲಿಗೆ ಪೆಟ್ರೋಲ್ ಸೇರಿಕೊಂಡಿದ್ದರೆ ಅದು ಬಿಸಿಯಾಗಿ, ಆವಿಯಾಗಿ, ಪಿಸಿವಿ ಮೂಲಕ ಮ್ಯಾನಿಫೋಲ್ಡಿಗೆ ಬಂದು ಕಾರ್ಬನ್ ಮೊನಾಕ್ಸೈಡ್ ಅಂಕಿಯನ್ನು ಏರಿಸುತ್ತದೆ. ಕಾರ್ಬ್ಯುರೇಟರ್ ಎಷ್ಟು ತಿರುವಿದರೂ ಅಂಕಿ ಇಳಿಯದಿದ್ದಾಗ ಕೆಲವರು ಪಿಸಿವಿ ಪೈಪನ್ನು ಕಳಚಿ ಮುಚ್ಚಿ ಪರೀಕ್ಷೆ ಪಾಸು ಮಾಡಿಸುತ್ತಾರೆ, ಆಮೇಲೆ ಹಾಗೇ ಬಿಡುತ್ತಾರೆ. ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪರೀಕ್ಷೆಗೆ ನಿಲ್ಲಿಸಿದರೆ ಪೈಪು ಕಳಚುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.